ಹೊಗೆಯ ಕಟ್ಟಳೆ, ಕುದುರೆಯ ಬಲ



ಹೊಸ ಕಾರಿನ ಜಾಹೀರಾತು ಕೈಗೆ ಬಂದಾಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ನಿಮ್ಮ ತಂದೆಯವರು ಬೆಲೆ ನೋಡುತ್ತಾರೆ, ತಾಯಿಯವರು ಕೂರುವ ಜಾಗ ನೋಡುತ್ತಾರೆ. ನಿಮ್ಮಲ್ಲಿ ಅನೇಕರಿಗೆ ಮೊದಲು ಬೇಕಾದುದು ಎಂಜಿನ್ನಿನ ಅಶ್ವಶಕ್ತಿ, ಅಂದರೆ ನೀವು ಹೇಳುವ ‘ಹಾರ್ಸ್‌ಪವರ್’ ಎಷ್ಟು ಎಂಬುದು. ಆ ಅಂಕಿ ಹಿಂದಿನ ಮಾದರಿಗಿಂತ ಒಂದೆರಡು ಕಡಿಮೆಯಿದ್ದರಂತೂ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಮಾತು ಖಂಡಿತ ಕೇಳಿಬರುತ್ತದೆ: “ಹೊಗೆ ನಿಯಮ ಬಿಗಿ ಮಾಡಿದ್ರಲ್ಲ, ಪವರ್ ಎಲ್ಲ ಹೋಯ್ತು.”

ಈ ಮಾತು ನಿಜವೇ? ಅರ್ಧ ನಿಜ. ಆ ಅರ್ಧ ಯಾವುದು, ಉಳಿದರ್ಧ ಏನಾಯಿತು ಎಂದು ತಿಳಿಯಬೇಕಾದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಥೆ ಕೇಳಬೇಕು. ಏಕೆಂದರೆ ಅಲ್ಲಿ ಬಹಳ ವರ್ಷ ದೇಶಕ್ಕೆ ಒಂದು ಹೊಗೆ ನಿಯಮ, ಆ ಒಂದು ರಾಜ್ಯಕ್ಕೆ ಅದಕ್ಕಿಂತ ಬಿಗಿಯಾದ ಇನ್ನೊಂದು ನಿಯಮ ಇದ್ದವು. ಒಂದೇ ಕಾರು, ಒಂದೇ ವರ್ಷ, ಎರಡು ನಿಯಮ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಎಲ್ಲಿ ಸಿಕ್ಕೀತು?

ಕಣ್ಣುರಿ ತಂದ ಗಾಳಿ

1943ರ ಜುಲೈ 26ರಂದು ಲಾಸ್ ಏಂಜಲೀಸ್ ನಗರದ ಮೇಲೆ ದಟ್ಟವಾದ ಹೊಗೆ ಕವಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಎರಡನೆಯ ಮಹಾಯುದ್ಧದ ಕಾಲವಾದ್ದರಿಂದ ಜಪಾನೀಯರು ವಿಷಾನಿಲ ಬಿಟ್ಟರೋ ಎಂದು ಹೆದರಿದವರೂ ಇದ್ದರು. ಆಮೇಲೆ ಊರಿನ ಒಂದು ರಾಸಾಯನಿಕ ಕಾರ್ಖಾನೆಯ ಮೇಲೆ ಗುಮಾನಿ ಬಂತು. ಕಾರ್ಖಾನೆ ನಿಂತರೂ ಹೊಗೆ ನಿಲ್ಲಲಿಲ್ಲ.

ನಿಜವಾದ ಕಾರಣ ಹುಡುಕಿದವರು ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ರಸಾಯನಶಾಸ್ತ್ರಜ್ಞ ಏರಿ ಹಾಗೆನ್-ಸ್ಮಿತ್. ಹಾಲೆಂಡಿನಲ್ಲಿ ಹುಟ್ಟಿದ ಈತ ಅದಕ್ಕೆ ಮೊದಲು ಅನಾನಸ್ ಹಣ್ಣಿನ ಪರಿಮಳದ ರಸಾಯನಶಾಸ್ತ್ರದಲ್ಲಿ ಮುಳುಗಿದ್ದವರು. 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ಅರೆಬೆಂದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳು, ಇವೆರಡರ ಮೇಲೆ ಬಿಸಿಲು ಬಿದ್ದರೆ ಓಜೋನ್ ಹುಟ್ಟುತ್ತದೆ. ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಓಜೋನ್, ನೆಲದ ಹತ್ತಿರ ಶ್ವಾಸಕೋಶಕ್ಕೆ ಶತ್ರು. ಪೆಟ್ರೋಲಿನ ಆವಿಯ ದೊಡ್ಡ ಪಾಲು ಬರುತ್ತಿದ್ದುದು ಊರವರು ಪ್ರೀತಿಯಿಂದ ತೊಳೆದು ಒರೆಸುತ್ತಿದ್ದ ಕಾರುಗಳಿಂದಲೇ!

ಕಾರು ಕಂಪೆನಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆದರೆ ರಾಜ್ಯ ಬಿಡಲಿಲ್ಲ. 1966ರ ಮಾದರಿಗಳಿಂದ ಹೊಗೆಕೊಳವೆಯಿಂದ ಬರುವ ಅನಿಲಗಳಿಗೆ ದೇಶದಲ್ಲೇ ಮೊದಲ ಮಿತಿ ಹಾಕಿತು. 1967ರಲ್ಲಿ ವಾಯು ಸಂಪನ್ಮೂಲ ಮಂಡಳಿಯನ್ನು ಸ್ಥಾಪಿಸುವ ಕಾನೂನು ಮಾಡಿತು. ಮಂಡಳಿಯ ಮೊದಲ ಅಧ್ಯಕ್ಷರು ಇದೇ ಹಾಗೆನ್-ಸ್ಮಿತ್. ಅದೇ ವರ್ಷ ಕೇಂದ್ರದ ಕಾನೂನು ಕ್ಯಾಲಿಫೋರ್ನಿಯಾಕ್ಕೆ ದೇಶಕ್ಕಿಂತ ಬಿಗಿಯಾದ ನಿಯಮ ಮಾಡಲು ಅವಕಾಶ ಕೊಟ್ಟಿತು. 1970ರಲ್ಲಿ ಇಡೀ ದೇಶಕ್ಕೆ ಶುದ್ಧ ಗಾಳಿ ಕಾಯಿದೆ ಬಂದು, ಕಾರಿನ ಹೊಗೆಯನ್ನು ನೂರಕ್ಕೆ ತೊಂಬತ್ತರಷ್ಟು ತಗ್ಗಿಸಬೇಕೆಂದು ಹೇಳಿತು. ಕಂಪೆನಿಗಳ ಒತ್ತಾಯದಿಂದ ಗಡುವು ಮುಂದೆ ಹೋಯಿತಾದರೂ ದಾರಿ ನಿಶ್ಚಿತವಾಗಿತ್ತು.

ಶಕ್ತಿ ಎಲ್ಲಿ ಸೋರಿತು?

ಈಗ ಎಂಜಿನ್ನಿನೊಳಗೆ ಇಣುಕೋಣ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ, ಉರಿದ ಅನಿಲ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಎಷ್ಟು ಬಿಗಿಯಾಗಿ ಒತ್ತಿದರೆ ಅಷ್ಟು ಕೆಲಸ. ಆದರೆ ಅತಿಯಾಗಿ ಒತ್ತಿದರೆ ಮಿಶ್ರಣ ಅಡ್ಡಾದಿಡ್ಡಿಯಾಗಿ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ‘ನಾಕಿಂಗ್’ ಅನ್ನುವುದು ಇದನ್ನೇ. ಹಳೆಯ ಕಾಲದಲ್ಲಿ ಇದನ್ನು ತಡೆಯಲು ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸುತ್ತಿದ್ದರು.

ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಗೆ ಈ ಸೀಸ ವಿಷ. ಅದರೊಳಗಿನ ಪ್ಲಾಟಿನಂ ಲೇಪದ ಮೇಲೆ ಸೀಸ ಕೂತರೆ ಡಬ್ಬಿ ಸತ್ತಂತೆಯೇ. ಆದ್ದರಿಂದ ಸೀಸ ಹೋಗಬೇಕಾಯಿತು. ಸೀಸ ಹೋದರೆ ನಾಕಿಂಗ್ ಬರುತ್ತದೆ, ಅದಕ್ಕಾಗಿ ಒತ್ತಡವನ್ನೇ ಇಳಿಸಬೇಕಾಯಿತು. ಜನರಲ್ ಮೋಟರ್ಸ್ ಕಂಪೆನಿ 1971ರ ಮಾದರಿಗಳಲ್ಲಿ ಈ ಕೆಲಸ ಮಾಡಿತು. ಅದರ ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ ಎಂಜಿನ್ನು ಹಿಂದಿನ ವರ್ಷ ಮಿಶ್ರಣವನ್ನು ಹತ್ತರಲ್ಲೊಂದು ಭಾಗಕ್ಕೆ ಒತ್ತುತ್ತಿತ್ತು, 1971ರಲ್ಲಿ ಎಂಟೂವರೆಯಲ್ಲೊಂದು ಭಾಗಕ್ಕೆ ಮಾತ್ರ.

ಇದು ಮೊದಲನೆಯ ಸೋರಿಕೆ. ಎರಡನೆಯದು ಕಿಡಿ ಹಾರಿಸುವ ಸಮಯ. ಕಿಡಿಯನ್ನು ತುಸು ತಡಮಾಡಿದರೆ ಹೊಗೆ ಬಿಸಿಯಾಗಿ ಹೊರಬಂದು ಉಳಿದ ಆವಿ ಕೊಳವೆಯಲ್ಲೇ ಉರಿದುಹೋಗುತ್ತದೆ. ಆದರೆ ಪಿಸ್ಟನ್ನನ್ನು ನೂಕಬೇಕಾದ ಶಾಖ ಹೊಗೆಯೊಂದಿಗೆ ಹೊರಟುಹೋಗುತ್ತದೆ. ಮೂರನೆಯದು, ಸಾರಜನಕದ ಆಕ್ಸೈಡು ತಗ್ಗಿಸಲು ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಏರ್ಪಾಡು. ಉರಿಯ ತಾಪ ಇಳಿಸಿ ಒಳ್ಳೆಯ ಕೆಲಸವನ್ನೇನೋ ಇದು ಮಾಡುತ್ತದೆ. ಆದರೆ ಆ ಕಾಲದ ಒರಟು ಕವಾಟಗಳಿಂದ ಎಂಜಿನ್ನು ಬಿಕ್ಕಳಿಸುತ್ತಿತ್ತು. ಹೊಗೆಗೆ ಹೊಸ ಗಾಳಿ ಊದುವ ಪಂಪು ಬೆಲ್ಟಿನಿಂದ ತಿರುಗುವಂಥದ್ದು, ಅದೂ ಎಂಜಿನ್ನಿನ ದುಡಿಮೆಯನ್ನೇ ತಿನ್ನುತ್ತಿತ್ತು. ಕಡೆಗೆ ಕನ್ವರ್ಟರ್ ಡಬ್ಬಿ. 1975ರ ಷೆವ್ರೊಲೆ ಕಾರ್ವೆಟ್ ಕಾರಿನಲ್ಲಿ ಎರಡು ಕಡೆಯ ಹೊಗೆಕೊಳವೆಗಳನ್ನು ಒಂದೇ ಡಬ್ಬಿಗೆ ಸೇರಿಸಿದ್ದರು. ಮೂಗು ಹಿಡಿದುಕೊಂಡು ಓಡಿದ ಹಾಗಾಯಿತು ಅದರ ಪಾಡು.

ಒಂದೊಂದೂ ಸಣ್ಣ ಸೋರಿಕೆ. ಎಲ್ಲ ಸೇರಿದಾಗ ಬಿಂದಿಗೆ ಖಾಲಿ. ಇದರ ಮೇಲೆ 1973ರ ತೈಲ ಬಿಕ್ಕಟ್ಟು ಬಂದು ಗಾಯದ ಮೇಲೆ ಬರೆ ಎಳೆದಂತಾಯಿತು. ದೊಡ್ಡ ಎಂಜಿನ್ನುಗಳಿಗೆ ಹಣ ಸುರಿಯುವ ಉತ್ಸಾಹವೇ ಕಂಪೆನಿಗಳಲ್ಲಿ ಉಳಿಯಲಿಲ್ಲ.

ಕಾಗದದ ಮೇಲಿನ ಇಳಿಕೆ

ಇಲ್ಲಿ ಒಂದು ಎಚ್ಚರಿಕೆ ಬೇಕು. ಆಗಲೇ ಹೇಳಿದ ಎಲ್ಡೊರಾಡೊ ಎಂಜಿನ್ನು 8.2 ಲೀಟರಿನದು, ಅಂದರೆ ನಮ್ಮ ಸಣ್ಣ ಕಾರುಗಳ ಏಳೆಂಟು ಎಂಜಿನ್ನು ಸೇರಿಸಿದಷ್ಟು. 1970ರಲ್ಲಿ ಅದರ ಶಕ್ತಿ 400 ಎಂದು ಬರೆದಿತ್ತು, 1976ರಲ್ಲಿ 190. ಅರ್ಧಕ್ಕಿಂತ ಹೆಚ್ಚು ಮಾಯ! ‘ನೋಡಿ, ನಿಯಮ ಎಂಜಿನ್ನನ್ನು ಕೊಂದಿತು’ ಎನ್ನುವವರು ಇಂಥ ಅಂಕಿಗಳನ್ನೇ ಎತ್ತಿ ತೋರಿಸುತ್ತಾರೆ.

ಆದರೆ ನಡುವೆ, 1972ರಲ್ಲಿ, ಅಳತೆಯ ಕೋಲೇ ಬದಲಾಗಿತ್ತು. ಅದಕ್ಕೆ ಮೊದಲು ಎಂಜಿನ್ನನ್ನು ಕಾರಿನಿಂದ ಹೊರಗೆ ಕಟ್ಟೆಯ ಮೇಲಿಟ್ಟು, ಗಾಳಿಶೋಧಕ, ಸೈಲೆನ್ಸರ್ ಯಾವುದರ ಹೊರೆಯೂ ಇಲ್ಲದೆ ಓಡಿಸಿ ಅಳೆಯುತ್ತಿದ್ದರು. ಆಮೇಲೆ ಇವೆಲ್ಲವನ್ನೂ ಜೋಡಿಸಿ, ಕಾರಿನಲ್ಲಿ ಇರುವಂತೆಯೇ ಅಳೆಯತೊಡಗಿದರು. ಹೊಸದಾಗಿ ಕೆಲಸಕ್ಕೆ ಸೇರಿದ ನಿಮ್ಮ ಅಣ್ಣನನ್ನೋ ಅಕ್ಕನನ್ನೋ ಕೇಳಿ. ನೇಮಕದ ಪತ್ರದಲ್ಲಿ ಕಾಣುವ ಸಂಬಳ ಒಂದು, ತಿಂಗಳ ಕೊನೆಗೆ ಕೈಗೆ ಬರುವುದು ಇನ್ನೊಂದು. ಮೊದಲಿನದು ಪತ್ರದ ಸಂಬಳ, ಎರಡನೆಯದು ಕೈಗೆ ಬಂದ ಸಂಬಳ.

ಅದೃಷ್ಟವಶಾತ್ 1971ರ ಕಾರ್ವೆಟ್‌ಗೆ ಎರಡೂ ಲೆಕ್ಕ ಸಿಗುತ್ತದೆ. ಅದರ ಸಾಮಾನ್ಯ 5.7 ಲೀಟರ್ ಎಂಜಿನ್ನಿಗೆ ಹಳೆಯ ಅಳತೆಯಲ್ಲಿ 270, ಹೊಸ ಅಳತೆಯಲ್ಲಿ 210. ಎಂಜಿನ್ನು ಅದೇ, ಕಾಗದದ ಮೇಲೆಯೇ 60 ಕುದುರೆಗಳು ಓಡಿಹೋದವು. 1975ರಲ್ಲಿ ಅದು 165ಕ್ಕೆ ಇಳಿಯಿತು. 210ರಿಂದ 165 ಎಂದರೆ 45ರ ನಷ್ಟ. ಇದು ನಿಜವಾದ ನಷ್ಟ, ನೂರಕ್ಕೆ ಇಪ್ಪತ್ತೊಂದರಷ್ಟು. ಇದನ್ನು ಅಲ್ಲಗಳೆಯುವುದು ಬೇಡ. ಆದರೆ 270ರಿಂದ 165ಕ್ಕೆ ಎಂದು ಹೇಳುವುದೂ ಬೇಡ.

ಒಂದೇ ದೇಶ, ಎರಡು ಎಂಜಿನ್

ಈಗ ರಾಜ್ಯದ ಬಿಗಿ ನಿಯಮದ ನೇರ ಪರಿಣಾಮ ನೋಡೋಣ. 1980ರಲ್ಲಿ ಕಾರ್ವೆಟ್ ಕೊಳ್ಳಲು ಬೇರೆ ರಾಜ್ಯದಲ್ಲಿ ಅಂಗಡಿಗೆ ಹೋದವನಿಗೆ 5.7 ಲೀಟರಿನ 190 ಅಶ್ವಶಕ್ತಿಯ ಎಂಜಿನ್ನು ಸಿಗುತ್ತಿತ್ತು. ಹೆಚ್ಚು ಹಣ ಕೊಟ್ಟರೆ 230ರದ್ದೂ ಇತ್ತು. ಕ್ಯಾಲಿಫೋರ್ನಿಯಾದವನಿಗೆ ಆಯ್ಕೆಯೇ ಇಲ್ಲ. 5 ಲೀಟರಿನ, 180 ಅಶ್ವಶಕ್ತಿಯ ಒಂದೇ ಎಂಜಿನ್ನು. ಗೇರು ಕೈಯಿಂದ ಹಾಕುವ ಸುಖವೂ ಇಲ್ಲ, ಆಟೊಮ್ಯಾಟಿಕ್ ಮಾತ್ರ. ‘ನಿಯಮ ಬಂತು, ಪವರ್ ಹೋಯ್ತು’ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ?

ಆದರೆ ಒಂದೇ ವರ್ಷ ಕಾಯಿರಿ. 1981ರಲ್ಲಿ ಅದೇ ಕಾರು 190 ಅಶ್ವಶಕ್ತಿಯ ಒಂದೇ 5.7 ಲೀಟರ್ ಎಂಜಿನ್ನಿನೊಂದಿಗೆ ಐವತ್ತೂ ರಾಜ್ಯಗಳಲ್ಲಿ ಮಾರಾಟಕ್ಕೆ ಬಂತು. ಕ್ಯಾಲಿಫೋರ್ನಿಯಾದಲ್ಲೂ ಅದೇ. ನಿಯಮ ಸಡಿಲವಾಗಲಿಲ್ಲ. ಬದಲಾದದ್ದು ಕಾರ್ಬುರೇಟರಿನ ಯಜಮಾನಿಕೆ. ಎಷ್ಟು ಪೆಟ್ರೋಲು ಬಿಡಬೇಕೆಂದು ಈಗ ಒಂದು ಪುಟ್ಟ ಕಂಪ್ಯೂಟರ್ ಹೇಳುತ್ತಿತ್ತು. ಆ ಕಂಪ್ಯೂಟರನ್ನು ಹಿಂದಿನ ವರ್ಷ ಮೊದಲು ಪಡೆದದ್ದು, ಎಲ್ಲರೂ ಮರುಗಿದ ಆ ಕ್ಯಾಲಿಫೋರ್ನಿಯಾದ ಕಾರೇ!

ಕುದುರೆಗಳು ಮರಳಿದ ಬಗೆ

ಈ ತಿರುವಿನ ಬೀಜ ಬಿದ್ದದ್ದು ಸ್ವೀಡನ್ನಿನ ವೋಲ್ವೊ ಕಂಪೆನಿಯಿಂದ. ಅದರ 1977ರ ಮಾದರಿಯ ಕ್ಯಾಲಿಫೋರ್ನಿಯಾ ಕಾರುಗಳಲ್ಲಿ ಮೂರು ವಿಷಗಳನ್ನೂ, ಅಂದರೆ ಇಂಗಾಲದ ಮಾನಾಕ್ಸೈಡ್, ಅರೆಬೆಂದ ಪೆಟ್ರೋಲು, ಸಾರಜನಕದ ಆಕ್ಸೈಡುಗಳನ್ನು, ಒಟ್ಟಿಗೆ ಕಳೆಯುವ ಕನ್ವರ್ಟರ್ ಬಂತು. ಆದರೆ ಈ ಡಬ್ಬಿಗೆ ಒಂದು ಹಟ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇರಲೇಬೇಕು. ಹೆಚ್ಚಾದರೆ ಒಂದು ವಿಷ ಉಳಿಯುತ್ತದೆ, ಕಡಿಮೆಯಾದರೆ ಇನ್ನೊಂದು. ಸಾರಿಗೆ ಉಪ್ಪು ಹಾಕಿದಂತೆ ಅಂದಾಜಿನಲ್ಲಿ ನಡೆಯುವ ಕೆಲಸವಲ್ಲ. ಅದಕ್ಕಾಗಿ ಹೊಗೆಕೊಳವೆಯಲ್ಲಿ ಆಮ್ಲಜನಕದ ರುಚಿ ನೋಡುವ ಒಂದು ಸೆನ್ಸರ್ ಇಟ್ಟರು. ಅದು ಕ್ಷಣಕ್ಷಣಕ್ಕೂ ವರದಿ ಕೊಡುತ್ತದೆ, ಎಂಜಿನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ.

ಈಗ ಯೋಚಿಸಿ. ಹೊಗೆಗಾಗಿ ತಂದ ಈ ಸೆನ್ಸರ್, ಕಂಪ್ಯೂಟರ್, ಪೆಟ್ರೋಲನ್ನು ಅಳೆದು ಚಿಮುಕಿಸುವ ಇಂಜೆಕ್ಷನ್ ಸುಮ್ಮನೆ ಕೂರುತ್ತವೆಯೆ? ನಾಕಿಂಗ್ ಆರಂಭವಾದ ಕೂಡಲೇ ಕೇಳಿಸಿಕೊಳ್ಳುವ ಇನ್ನೊಂದು ಸೆನ್ಸರ್ ಬಂದಾಗ, ಸೀಸವಿಲ್ಲದ ಪೆಟ್ರೋಲಿನಲ್ಲೂ ಒತ್ತಡವನ್ನು ಮತ್ತೆ ಹತ್ತರ ಆಸುಪಾಸಿಗೆ ಏರಿಸುವ ಧೈರ್ಯ ಬಂತು. ಕಿಡಿಯನ್ನು ತಡಮಾಡಿ ಶಾಖ ಹಾಳುಮಾಡುವ ಅಗತ್ಯವೂ ಬಹುಪಾಲು ತಪ್ಪಿತು. ಅದೇ 5.7 ಲೀಟರ್ ಅಳತೆಯ ಕಾರ್ವೆಟ್ ಎಂಜಿನ್ನಿನ ಅಂಕಿಗಳನ್ನು ಸಾಲಾಗಿ ಓದಿ. 1975ರಲ್ಲಿ 165. 1985ರಲ್ಲಿ 230. 1992ರಲ್ಲಿ 300. 1997ರಲ್ಲಿ 345. ಎಲ್ಲವೂ ಒಂದೇ ಹೊಸ ಅಳತೆಯಲ್ಲಿ. ಈ ಅವಧಿಯುದ್ದಕ್ಕೂ ಹೊಗೆ ನಿಯಮ ಬಿಗಿಯಾಗುತ್ತಲೇ ಹೋಯಿತೇ ಹೊರತು ಸಡಿಲವಾಗಲಿಲ್ಲ. 2023ರ ಕಾರ್ವೆಟ್‌ನ ಒಂದು ಮಾದರಿ, ಟರ್ಬೊ ಸಹಾಯವೂ ಇಲ್ಲದೆ, 5.5 ಲೀಟರಿನಲ್ಲಿ 670 ಅಶ್ವಶಕ್ತಿ ಕೊಟ್ಟಿತು.

ಇದು ಕಂಪ್ಯೂಟರ್ ಬರುವ ತನಕ ಕಾಯಲೇಬೇಕಾದ ವಿಷಯವೂ ಆಗಿರಲಿಲ್ಲ. ಅಮೆರಿಕದ ದೊಡ್ಡ ಕಂಪೆನಿಗಳು 1975ರ ಗುರಿ ಅಸಾಧ್ಯವೆಂದು ವಾದಿಸುತ್ತಿದ್ದಾಗ, ಆಗಿನ್ನೂ ಕಾರು ವ್ಯಾಪಾರಕ್ಕೆ ಹೊಸಬರಾಗಿದ್ದ ಜಪಾನಿನ ಹೋಂಡಾದವರು ಒಂದು ಉಪಾಯ ಹೂಡಿದರು. ಮುಖ್ಯ ಕೋಣೆಯ ಪಕ್ಕ ಒಂದು ಪುಟ್ಟ ಕೋಣೆ. ಅದರಲ್ಲಿ ದಟ್ಟ ಮಿಶ್ರಣ ಮೊದಲು ಹೊತ್ತಿಕೊಂಡು ಮುಖ್ಯ ಕೋಣೆಯ ತೆಳು ಮಿಶ್ರಣವನ್ನು ಶುದ್ಧವಾಗಿ ಉರಿಸುತ್ತದೆ. 1975ರ ಹೋಂಡಾ ಸಿವಿಕ್ ಕನ್ವರ್ಟರ್ ಇಲ್ಲದೆಯೇ ಪಾಸಾಯಿತು. ಸಣ್ಣ ಎಂಜಿನ್ನಿಗಷ್ಟೇ ಇದು ಸಾಧ್ಯ ಎಂಬ ಟೀಕೆ ಬಂದಾಗ, ಹೋಂಡಾದವರು ಒಂದು ದೊಡ್ಡ ಷೆವ್ರೊಲೆ ಇಂಪಾಲಾ ಕಾರನ್ನೇ ಕೊಂಡು, ಅದರ ಎಂಜಿನ್ನಿಗೆ ತಮ್ಮ ಉಪಾಯ ಅಳವಡಿಸಿ, ಪರೀಕ್ಷೆಗೆ ಒಡ್ಡಿ ಗೆದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ನಮ್ಮ ಗಾದೆ ನೆನಪಿಗೆ ಬರುತ್ತದೆ ಅಲ್ಲವೆ?

ಕಳ್ಳದಾರಿ ಹಿಡಿದವರು

ಎಲ್ಲರೂ ಓದಿ ಪಾಸಾಗಲಿಲ್ಲ, ಕೆಲವರು ನಕಲು ಹೊಡೆದರು. ಜರ್ಮನಿಯ ಫೋಕ್ಸ್‌ವಾಗನ್ ಕಂಪೆನಿ ಅಮೆರಿಕದಲ್ಲಿ ‘ಶುದ್ಧ ಡೀಸೆಲ್’ ಎಂದು ಕಾರು ಮಾರುತ್ತಿತ್ತು. ಶಕ್ತಿಯೂ ಉಂಟು, ಮೈಲೇಜೂ ಉಂಟು, ಹೊಗೆಯೂ ಇಲ್ಲ ಎಂಬ ಹೊಗಳಿಕೆ. ನಿಜಾಂಶ ಏನೆಂದರೆ, ಕಾರಿನ ಕಂಪ್ಯೂಟರಿಗೆ ‘ಈಗ ಪರೀಕ್ಷೆ ನಡೆಯುತ್ತಿದೆ’ ಎಂದು ಗೊತ್ತಾಗುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಹೊಗೆ ಶೋಧನೆ ಪೂರ್ತಿ ನಡೆಯುತ್ತಿತ್ತು. ರಸ್ತೆಗಿಳಿದರೆ ಅದು ಕುಂಟುತ್ತಿತ್ತು.

ಇದನ್ನು ಬಯಲಿಗೆಳೆದ ಸಂಶೋಧನೆ ನಡೆದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಪುಟ್ಟ ತಂಡದಿಂದ. ಡ್ಯಾನ್ ಕಾರ್ಡರ್ ನೇತೃತ್ವದ ಆ ತಂಡದಲ್ಲಿ ಅರವಿಂದ್ ತಿರುವೇಂಗಡಂ, ಮಾರ್ಕ್ ಬೆಷ್ ಮತ್ತು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. 2013ರಲ್ಲಿ ಅವರು ಅಳತೆಯ ಯಂತ್ರಗಳನ್ನು ಕಾರಿನ ಹಿಂಭಾಗದಲ್ಲಿ ಹೇರಿಕೊಂಡು ಕ್ಯಾಲಿಫೋರ್ನಿಯಾದ ನಿಜವಾದ ರಸ್ತೆಗಳಲ್ಲಿ ಓಡಿಸಿದರು. ಒಂದು ಕಾರು ಸಾರಜನಕದ ಆಕ್ಸೈಡನ್ನು ಮಿತಿಯ 15ರಿಂದ 35 ಪಟ್ಟು ಹೊರಹಾಕುತ್ತಿತ್ತು. ಕ್ಯಾಲಿಫೋರ್ನಿಯಾದ ಮಂಡಳಿ ಮತ್ತು ಕೇಂದ್ರದ ಸಂಸ್ಥೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದವು. 2015ರ ಸೆಪ್ಟೆಂಬರಿನಲ್ಲಿ ಕಂಪೆನಿ ಮೋಸವನ್ನು ಒಪ್ಪಿಕೊಂಡಿತು. ಲೋಕದಾದ್ಯಂತ ಇಂಥ ಸುಮಾರು ಒಂದು ಕೋಟಿ ಹತ್ತು ಲಕ್ಷ ಗಾಡಿಗಳಿದ್ದವು.

ನಮ್ಮ ಊರುಗಳಲ್ಲಿ

ನೀವು ಹುಟ್ಟಿ ಬೆಳೆದ ನಗರಗಳಿಗೂ ಇಂಥದೇ ಒಂದು ಚರಿತ್ರೆ ಉಂಟು. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯವಾಯಿತು, ಸೀಸವಿಲ್ಲದ ಪೆಟ್ರೋಲೂ ಬಂತು. 2010ರಲ್ಲಿ ಭಾರತ್ ಸ್ಟೇಜ್ ನಾಲ್ಕನೆಯ ನಿಯಮ ಮೊದಲು ಬಂದದ್ದೂ ಆಯ್ದ ನಗರಗಳಿಗೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು, ಜೊತೆಗೆ ಕನ್ನಡದ ಮನೆಗಳು ತುಂಬಿರುವ ಸೊಲ್ಲಾಪುರ. ಇಡೀ ದೇಶಕ್ಕೆ ಅದು ತಲುಪಿದ್ದು 2017ರಲ್ಲಿ. 2020ರ ಏಪ್ರಿಲ್‌ನಲ್ಲಿ ಐದನ್ನು ಹಾರಿ ನೇರವಾಗಿ ಆರಕ್ಕೆ ಬಂದೆವು.

ಆಗ ಶಕ್ತಿ ಹೋಯಿತೆ? ನಿಮಗೆ ಪ್ರಿಯವಾದ ಯಮಾಹಾ ಆರ್-15 ಬೈಕು 19.3ರಿಂದ 18.6ಕ್ಕೆ ಇಳಿಯಿತು. ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಡೀಸೆಲ್ ಕಾರುಗಳಿಗೆ ಪೆಟ್ಟು ದೊಡ್ಡದಾಗಿತ್ತು. ಸಾರಜನಕದ ಆಕ್ಸೈಡಿನ ಮಿತಿ ಕಿಲೋಮೀಟರಿಗೆ 0.25 ಗ್ರಾಂನಿಂದ 0.08ಕ್ಕೆ ಇಳಿದಾಗ, ಸಣ್ಣ ಡೀಸೆಲ್ ಎಂಜಿನ್ನುಗಳ ಹೊಗೆ ತೊಳೆಯುವ ಖರ್ಚು ಗಿಟ್ಟದೆ ಮಾರುತಿಯವರು ಡೀಸೆಲ್ಲನ್ನೇ ಕೈಬಿಟ್ಟರು. ನಿಯಮದ ಬೆಲೆಯನ್ನು ಯಾರಾದರೂ ತೆರಲೇಬೇಕು, ಅದರಲ್ಲಿ ಮುಚ್ಚುಮರೆಯಿಲ್ಲ.

ಇನ್ನು, ನಿಮ್ಮ ತಂದೆಯವರ ಹಳೆಯ ಫೋಟೋಗಳಲ್ಲಿ ಮೈಸೂರಿನ ಯೆಜ್ಡಿ ಬೈಕು ಕಂಡಿರಬಹುದು. ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಉರಿಸಿ ನೀಲಿ ಹೊಗೆ ಬಿಡುತ್ತಿದ್ದ 250 ಸಿ.ಸಿ.ಯ ಟೂ-ಸ್ಟ್ರೋಕ್ ರೋಡ್‌ಕಿಂಗ್‌ಗೆ 16 ಅಶ್ವಶಕ್ತಿ. ಹಲವು ಕಾರಣಗಳಿಂದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಫೋರ್-ಸ್ಟ್ರೋಕ್ ಎಂಜಿನ್ನಿನೊಂದಿಗೆ ಮರಳಿದಾಗ 334 ಸಿ.ಸಿ.ಗೆ ಸುಮಾರು 29 ಅಶ್ವಶಕ್ತಿ ಇತ್ತು. ಎಂಜಿನ್ನು ದೊಡ್ಡದೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಪ್ರತಿ ಸಿ.ಸಿ.ಗೆ ಮೂರನೇ ಒಂದು ಪಾಲು ಹೆಚ್ಚೇ. ಅದೂ ಆರನೆಯ ನಿಯಮವನ್ನು ಪಾಲಿಸಿಕೊಂಡು.

ನಿಮಗೊಂದು ಮಾತು

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮಲ್ಲಿ ಕೆಲವರು ಬೈಕು ಕೊಂಡ ತಿಂಗಳಲ್ಲೇ ಕಂಪೆನಿಯ ಸೈಲೆನ್ಸರ್ ಕಳಚಿ, ಕನ್ವರ್ಟರನ್ನು ಗುಜರಿಗೆ ಹಾಕಿ, ಗುಡುಗುವ ಕೊಳವೆ ಹಾಕಿಸುತ್ತೀರಿ. ಪವರ್ ಬರುತ್ತದೆ ಎಂಬ ನಂಬಿಕೆ. ಬಹಳ ಸಲ ಬರುವುದು ಸದ್ದು ಮಾತ್ರ. ಆಮ್ಲಜನಕದ ಸೆನ್ಸರಿಗೂ ಕಂಪ್ಯೂಟರಿಗೂ ಲೆಕ್ಕ ತಪ್ಪಿ ಎಂಜಿನ್ನು ಮುಗ್ಗರಿಸುವುದೂ ಉಂಟು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯ ಪ್ರಕಾರ ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಇದನ್ನೂ ನೆನಪಿಡಿ: ಗಾಡಿಯ ಓಟದ ಸುಖ ನಿಮ್ಮೊಬ್ಬರದು, ಹೊಗೆ ಕುಡಿಯುವವರು ಬೀದಿಯ ಎಲ್ಲರೂ.

ಲಾಸ್ ಏಂಜಲೀಸಿನ ಗಾಳಿ ಇನ್ನೂ ಪೂರ್ತಿ ಶುದ್ಧವಾಗಿಲ್ಲ. ಆದರೆ ಕಾರುಗಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿದ್ದರೂ ಅಲ್ಲಿನ ಓಜೋನಿನ ಗರಿಷ್ಠ ಮಟ್ಟ 1950ರ ದಶಕದ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿದೆ.

ಮುಂದಿನ ಸಲ ಗೆಳೆಯರು ‘ನಿಯಮ ಬಂತು, ಪವರ್ ಹೋಯ್ತು’ ಎಂದಾಗ ಮೂರು ಪ್ರಶ್ನೆ ಕೇಳಿ. ಎಷ್ಟು ಹೋಯಿತು? ಎರಡು ಅಂಕಿಗಳೂ ಒಂದೇ ಅಳತೆಯವೇ? ನಾಲ್ಕೈದು ವರ್ಷದ ನಂತರ ಅದೇ ಎಂಜಿನ್ನು ಎಲ್ಲಿಗೆ ಬಂದಿತ್ತು? ಈ ಮೂರಕ್ಕೆ ಉತ್ತರ ಸಿಕ್ಕರೆ ವಾದ ತಾನಾಗಿ ತೀರುತ್ತದೆ. ನಿಮ್ಮಲ್ಲಿ ಎಂಜಿನಿಯರಿಂಗ್ ಓದುತ್ತಿರುವವರಿಗಂತೂ ಇದು ಬರಿಯ ವಾದವಲ್ಲ. ಕಡಿಮೆ ಹೊಗೆಯಲ್ಲಿ ಹೆಚ್ಚು ಬಲ ತೆಗೆಯುವ ಕೆಲಸ ಇನ್ನೂ ಮುಗಿದಿಲ್ಲ, ಅದಕ್ಕೆ ಕೈಗಳು ಬೇಕಾಗಿವೆ.